ಪರದೆಯ ಮೇಲಿನ ಎರಡನೇ ಗುಡ್ಡ

ಗೋಕಾಕದ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ನಾನು ಗಾಜು ತೊಳೆಯುವವನು. ಊರು ತುಕ್ಕಾನಟ್ಟಿ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟೆ. ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥ ಗಜಾನನ ಸರ್ ಸಹಿ ಹಾಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲದ ಕಾಗದ ಹದಿನೈದು ದಿನದಿಂದ ಅವರ ಮೇಜಿನ ಮೇಲೆ ಬಿದ್ದಿತ್ತು.

ಕಣಗಲಾ ಊರಿನ ಪೂನಮ್ ಅಕ್ಕ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಕಡೆ ಕಬ್ಬಿನ ಬೀಜದ ತುಂಡುಗಳನ್ನು ನಾಟುವ ಮೊದಲು ಅದ್ದುವ ಔಷಧ ಇದೆಯಲ್ಲ, ಅದು ಎಲೆಕ್ಟ್ರಾನು ಬಿಟ್ಟುಕೊಡುವುದು ಒಂದೇ ಹಂತದಲ್ಲೋ ಎರಡರಲ್ಲೋ, ಎಷ್ಟು ಬೇಗ, ಎಂಬುದು ಅವಳ ಪ್ರಶ್ನೆ. ದ್ರಾವಣದಲ್ಲಿ ಎಲೆಕ್ಟ್ರೋಡಿನ ಕಡ್ಡಿ ಅದ್ದಿ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಿಗೂ ಒಂದು ಸಣ್ಣ ಹೊಡೆತ ಕೊಡುತ್ತಾಳೆ. ಹೊಡೆತ ಬಿದ್ದ ಕೂಡಲೇ ಹರಿಯುವ ಕರೆಂಟು ಬರೀ ಗದ್ದಲ, ತಟ್ಟನೆ ಅಡಗುತ್ತದೆ. ಹೊಡೆತದ ಕೊನೆಗೆ ಉಳಿದ ಕರೆಂಟಿನಲ್ಲಿ ಹೊಡೆತಕ್ಕೆ ಮುಂಚಿನದನ್ನು ಕಳೆದರೆ, ಕ್ರಿಯೆ ನಡೆದ ಕಡೆ ಪರದೆಯ ಮೇಲೆ ಗುಡ್ಡ ಏಳುತ್ತದೆ.

ದಸರೆ ಮುಗಿದ ಮೇಲೆ ದೊಡ್ಡ ಗುಡ್ಡದ ಎಡಕ್ಕೆ ಇನ್ನೊಂದು ಸಣ್ಣದು ಎದ್ದಿತು.

"ಎರಡ ಹಂತ ಅದಾವು, ಪೂನಮ್. ಇದನ್ನ ಯಾರೂ ನೋಡಿಲ್ಲ," ಎಂದ ಸರ್ ಬೆಳಗಾವಿಯ ಪಿಎಚ್.ಡಿ. ಸಮಿತಿಗೆ ಬರೆದೂ ಕಳಿಸಿದರು. ಸೋಮವಾರ ಅವಳು ಅಲ್ಲಿ ತೋರಿಸಬೇಕು.

"ಔಷಧ ಹೆಚ್ಚ ಹಾಕಿದ್ರ ಇದು ಬೆಳ್ಯಾಂಗಿಲ್ರಿ ಸರ್. ಸುಮ್ನ ಬಿಟ್ಟು ಕುಂತ್ರ ಬೆಳೀತೈತಿ," ಎಂದಳು ಅಕ್ಕ.

"ಬೆಳೀಲಿ ಬಿಡು. ನಿಂದೇನ್ ಗಂಟ ಹೋಗ್ತೈತಿ?"

ಶನಿವಾರ ಎಲೆಕ್ಟ್ರೋಡಿನ ತುದಿಯನ್ನು ಉಜ್ಜುತ್ತಿದ್ದೆ. ತುದಿ ಕನ್ನಡಿಯಂತಿತ್ತು. ಅದರ ಮೇಲಿನ ಬಿಳಿ ಕವಚದ ಗೀರುಗಳಲ್ಲಿ ಮಾತ್ರ ಹಳದಿ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಮಶೀನುಗಳಿಗೆಲ್ಲ ಅರಿಶಿನ ಹಚ್ಚಿದವನು ನಾನೇ. "ಕಡ್ಡಿಗೂ ಹಚ್ಚಲೇ, ಅದ ಮುಖ್ಯ," ಎಂದವರು ಸರ್.

ಹೇಳಿದರೆ ನನ್ನ ಕಾಗದಕ್ಕೆ ಸಹಿ ಬೀಳದು. ಹೇಳದಿದ್ದರೆ ಅಕ್ಕ ಸಮಿತಿಯ ಮುಂದೆ ಅರಿಶಿನದ ಮೇಲೆ ಭಾಷಣ ಮಾಡುತ್ತಾಳೆ. ಇಬ್ಬರ ಮುಂದೆಯೂ ಹೇಳಿದೆ.

"ಲೇ ಮಾಯಪ್ಪಾ, ಬಾಟ್ಲಿ ತೊಳಿಯೋದ ನಿನ್ನ ಕೆಲಸ. ಪಿಎಚ್.ಡಿ. ಯಾವಾಗ ಮಾಡಿದಿ?" ಎಂದರು ಸರ್.

ಕಡ್ಡಿಯನ್ನು ಅವರ ಮುಂದೆ ಹಿಡಿದೆ. "ಅರಿಷಿಣ ಹಚ್ಚಿದ್ದು ನಾನರಿ. ಅದನ್ನ ಹೇಳಾಕ ಪಿಎಚ್.ಡಿ. ಬೇಕಾಗಿಲ್ರಿ. ಔಷಧ ಹಾಕ್ದ ಬರೇ ದ್ರಾವಣದಾಗ ಅದ್ದಿ ನೋಡ್ರಿ."

"ಬರೇ ದ್ರಾವಣದ್ದು ಆಗ್ಲೇ ತಗದೈತಿ."

"ಅದು ಹಬ್ಬಕ್ಕಿಂತ ಮೊದಲಿಂದ್ರಿ ಸರ್," ಎನ್ನುತ್ತ ಅಕ್ಕ ಕುರ್ಚಿ ಎಳೆದುಕೊಂಡಳು.

ಔಷಧವಿಲ್ಲದ ದ್ರಾವಣದಲ್ಲಿ ಕಡ್ಡಿ ಅದ್ದಿದಳು. ದೊಡ್ಡ ಗುಡ್ಡ ಬರಲಿಲ್ಲ. ಸಣ್ಣದು ತನ್ನ ಜಾಗದಲ್ಲೇ ಎದ್ದಿತು. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ಎತ್ತರ. ಔಷಧ ಕರಗಲೆಂದು ದ್ರಾವಣಕ್ಕೆ ಬೆರೆಸುವ ಆಲ್ಕೋಹಾಲ್ ಕವಚದ ಅರಿಶಿನವನ್ನೂ ಕರಗಿಸುತ್ತಿತ್ತು; ಎಲೆಕ್ಟ್ರಾನು ಬಿಡುತ್ತಿದ್ದದ್ದು ಅದು.

ಸರ್ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. "ಯಾರನ್ನೂ ಕೇಳ್ದ ಹಚ್ಚಿದ್ನಿ ಅಂತ ಬರದ ಕೊಡು. ನಿನ್ನ ಸಹೀದ್ದು ಆಮ್ಯಾಲ ನೋಡೂನು."

ಬರೆದೆ: 'ಗಜಾನನ ಸರ್ ಹಚ್ಚೆಂದರು, ಹಚ್ಚಿದೆ. ಮಾಯಪ್ಪ.' ಅಕ್ಕ ಓದಿ ಕೆಳಗೆ ತನ್ನ ಹೆಸರನ್ನೂ ಬರೆದಳು.

"ಎರಡನೇದು ಎಲ್ಲಿ ಹೋತು ಅಂತ ಸಮಿತಿಯವರು ಕೇಳಿದ್ರ ಇದನ್ನ ತೋರಸ್ತೇನ್ರಿ."

ಸರ್ ಹಾಳೆ ಕಸಿದು ಹರಿದರು.

"ಇನ್ನೊಂದ ಬರೀತೇನ್ರಿ," ಎಂದೆ.

ಅವರು ನನ್ನ ಕಾಗದ ಹುಡುಕಿ ತೆಗೆದು, ಸಹಿ ಹಾಕಿ, ಮುಖ ನೋಡದೆ ನನ್ನ ಕಡೆ ನೂಕಿದರು. ಅಕ್ಕ ಆಗಲೇ ಹೊಸ ದ್ರಾವಣಕ್ಕೆ ಉಪ್ಪು ತೂಗುತ್ತಿದ್ದಳು. ದಸರೆಯಿಂದೀಚೆಗಿನ ಅಳತೆಗಳೆಲ್ಲ ಮತ್ತೆ ಆಗಬೇಕಿತ್ತು.