ಗೂಡು ದಾಖಲಾಗಿಲ್ಲ

ವಿಜಯವಾಡದ ಸರ್ಕಾರಿ ಕಚೇರಿಯ ಮಾರಾಟದ ಕಿಟಕಿಯಲ್ಲಿ ರಾಜ್ಯದ ಕೆರೆಹಕ್ಕಿಗಳ ಹೊಸ ಪುಸ್ತಕ ಕೈಗೆ ಬಂದಾಗ ಸಹನಾ ಹಕ್ಕಿಗಳ ಬಣ್ಣದ ಚಿತ್ರಗಳನ್ನು ನೋಡಲಿಲ್ಲ. ನೇರ ವಿಶಾಖಪಟ್ಟಣದ ಕೆರೆಗಳ ಪಟ್ಟಿಗೆ ಹೋದಳು. ದುವ್ವಾಡದ ಪಂಪ್‌ಹೌಸ್ ಹಿಂದಿನ ತಾವರೆಕೆರೆ ಅರವತ್ತೊಂದನೇ ಪುಟದಲ್ಲಿತ್ತು. ಎದುರಿಗೆ ತೆಲುಗಿನಲ್ಲಿ ಒಂದೇ ಸಾಲು. ಸಾಮಾನ್ಯ ಹಕ್ಕಿಗಳು, ಗೂಡು ದಾಖಲಾಗಿಲ್ಲ ಎಂದು.

ಅಕ್ಷರಕ್ಕೆ ಅಕ್ಷರ ಕೂಡಿಸಿ ಮತ್ತೊಮ್ಮೆ ಓದಿದಳು. ಏಳು ಮಳೆಗಾಲ ಆ ಕೆರೆಯ ದಂಡೆಯಲ್ಲಿ ಕೂತವಳು ಅವಳು.

ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ಒಂದಕ್ಷರವೂ ಹೊರಡದ ಹುಡುಗಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದಳು. ದುವ್ವಾಡದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅಪ್ಪ ಜಯರಾಮ, ದಾವಣಗೆರೆ ಕಡೆಯವರು, ಟೌನ್‌ಶಿಪ್ ಲೈಬ್ರರಿ ರದ್ದಿಗೆ ಹಾಕಿದ್ದ ಹಳೆಯ ಜಿಲ್ಲಾ ಗೆಜೆಟಿಯರನ್ನು ಮನೆಗೆ ತಂದಿದ್ದರು. ಅದರಲ್ಲಿ ಹದಿನಾಲ್ಕು ಪುಟ ಹಕ್ಕಿಗಳು. ಚಿತ್ರ ಒಂದೂ ಇಲ್ಲ. ‘ಕುಡುಗೋಲಿನಂತೆ ಬಾಗಿದ ಉದ್ದ ಬಾಲ, ತೇಲುವ ಎಲೆಗಳ ಮೇಲೆ ನಡೆಯುತ್ತದೆ’ ಎಂಬ ಸಾಲನ್ನು ತಲೆಯಲ್ಲಿಟ್ಟುಕೊಂಡು ಹೋಗಿ ಕೆರೆಯಲ್ಲಿ ದೇವನಕ್ಕಿಯನ್ನು ಹುಡುಕಿದ್ದಳು. ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಟುಹೋಗುತ್ತದೆ, ಕಾವು ಕೊಟ್ಟು ಮರಿ ಸಾಕುವುದು ಗಂಡು. ಇದು ಆ ಪುಸ್ತಕದಲ್ಲಿರಲಿಲ್ಲ. ಅವಳೇ ಕಂಡುಕೊಂಡದ್ದು.

ಕಳೆದ ವರ್ಷ ಕೆರೆ ಮುಚ್ಚಿ ಗೋದಾಮು ಕಟ್ಟುವ ಮಾತು ಬಂತು. ಅದೇ ಹೊತ್ತಿಗೆ ಈ ಕಚೇರಿಯವರು ಈ ಹೊಸ ಪುಸ್ತಕಕ್ಕೆ ಮಾಹಿತಿ ಕೇಳಿದರು. ಗೂಡು ದಾಖಲಾದ ಕೆರೆಗಳನ್ನು ಮುಚ್ಚುವ ಯೋಜನೆಯಿಂದ ಕೈಬಿಡಲಾಗುವುದು ಎಂದು ಪ್ರಕಟಣೆಯಲ್ಲಿತ್ತು. ಸಹನಾ ಅಷ್ಟೂ ವರ್ಷಗಳ ಟಿಪ್ಪಣಿಯನ್ನು ನಕಲು ಮಾಡಿದಳು. ಅದರ ಮೇಲಿಡುವ ಫಾರಂ ತುಂಬಿ ಅಂಚೆಗೆ ಹಾಕಿದವರು ಅಪ್ಪ. ನಂಬರಷ್ಟೇ ಇದ್ದ ಅಂಚೆ ರಸೀದಿ ಮಾತ್ರ ಅವಳ ಕೈಗೆ ಬಂದಿತ್ತು.

ವಿಜಯವಾಡದ ಪಟಮಟದಲ್ಲಿರುವ ಶಾರದತ್ತೆಯ ಮನೆಗೆ ಪೂಜೆಗೆಂದು ಬಂದವಳು, ಯಾರಿಗೂ ಹೇಳದೆ ಸಿಟಿ ಬಸ್ಸು ಹತ್ತಿ ಈ ಕಚೇರಿಗೆ ಬಂದಿದ್ದಳು.

“ಏಮ್ಮಾ, ಪುಸ್ತಕ ತಗೊಂಡಾಯ್ತಲ್ಲ, ಇನ್ನೂ ಯಾಕೆ ನಿಂತಿದ್ದೀಯ?” ಕಿಟಕಿಯೊಳಗಿನ ಲಕ್ಷ್ಮೀಕಾಂತಮ್ಮ ಕೇಳಿದರು.

ಸಹನಾ ರಸೀದಿ ಚಾಚಿದಳು. ಆಕೆ ಗೊಣಗುತ್ತ ಕಡತ ಹುಡುಕಿ ತಂದು ಬಿಚ್ಚಿದರು.

“ಶಶಾಂಕ್, ಬಿ.ಟೆಕ್. ಇವರದೇನಾ?”

“ಶಶಾಂಕ್... ನಮ್ಮಣ್ಣ.”

“ನಿಮ್ಮಣ್ಣನೇ ಫೋನಲ್ಲಿ ನಾನೇನೂ ನೋಡಿಲ್ಲ ಅಂದರಂತೆ. ಇಗೋ, ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ನೋಡಿದವರೇ ನೋಡಿಲ್ಲ ಅಂದರೆ ನಾವೇನು ಅಚ್ಚು ಹಾಕೋದು, ತಲ್ಲಿ?”

“ನೋಡಿದ್ದು ನಾನು.”

“ಆಂ? ಗಟ್ಟಿಯಾಗಿ ಹೇಳು.”

“ನಾನು ನೋಡಿದ್ದು.”

ಲಕ್ಷ್ಮೀಕಾಂತಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದನಿ ಸ್ವಲ್ಪ ಮೆತ್ತಗಾಯಿತು. “ನಿನ್ನ ಹೆಸರು ಇದರಲ್ಲಿ ಎಲ್ಲೂ ಇಲ್ಲವಲ್ಲಮ್ಮಾ. ಮುಂದಿನ ಪುಸ್ತಕ ಬರೋದು ಐದು ವರ್ಷಕ್ಕೆ.”

ಮರುದಿನ ದುವ್ವಾಡದ ಮನೆಗೆ ಬಂದವಳೇ ಪುಸ್ತಕವನ್ನು ಅಪ್ಪನ ಕಾಫಿ ಲೋಟದ ಪಕ್ಕದಲ್ಲಿಟ್ಟಳು.

“ಅಣ್ಣನ ಹೆಸರು ಯಾಕೆ ಹಾಕಿದ್ರಿ, ಅಪ್ಪ?”

ಜಯರಾಮ ಪುಟ ನೋಡಿದರು, ಕನ್ನಡಕ ತೆಗೆದರು. “ವಿದ್ಯಾರ್ಹತೆ ಅಂತ ಒಂದು ಕಾಲಂ ಇತ್ತಮ್ಮ. ಒಂಬತ್ತನೇ ಕ್ಲಾಸು ಅಂತ ಬರದ್ರೆ ಯಾರು ಓದ್ತಾರೆ? ಖಾಲಿ ಬಿಡೋ ಹಂಗೂ ಇರಲಿಲ್ಲ. ನಿನ್ನ ಒಳ್ಳೇದಕ್ಕೇ ಮಾಡ್ದೆ.”

ಶಶಾಂಕ್ ಮೊಬೈಲಿನಿಂದ ತಲೆಯೆತ್ತಿದ. “ಓ, ಆ ಫೋನಾ! ಯಾರೋ ಮೊಟ್ಟೆ ಯಾವ ಬಣ್ಣ, ಎಷ್ಟಿತ್ತು ಅಂದ್ರು. ಕೋಳಿ ಫಾರಂನೋರು ಅನ್ಕೊಂಡೆ. ನಾನು ಮೊಟ್ಟೇನೂ ನೋಡಿಲ್ಲ ಗೂಡೂ ನೋಡಿಲ್ಲ, ಒದಲೇಯಂಡಿ, ಬಿಟ್ಬಿಡಿ ಅಂದು ಇಟ್ಟೆ.” ಅವನಿಗೆ ನಗು ಬಂತು. ಯಾರೂ ನಗದಿದ್ದುದನ್ನು ಕಂಡು ಮತ್ತೆ ಮೊಬೈಲಿಗೆ ಬಗ್ಗಿದ.

“ಅವನಿಗಾದ್ರೂ ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ನಿನಗೆ ಗೊತ್ತಾಗ್ತಿತ್ತು. ಬೇಜಾರು ಮಾಡ್ಕೊಂತಿದ್ದೆ.” ಅಪ್ಪ ಜೇಬಿನ ಪೆನ್ನು ಮುಟ್ಟಿಕೊಂಡರು. “ಈಗೇನಾಯ್ತು ಬಿಡು. ಇನ್ನೊಂದು ಅರ್ಜಿ ಹಾಕೋಣ. ನಾನೇ ಬರೀತೀನಿ.”

“ಯಾರ ಹೆಸರಲ್ಲಿ?”

ಪೆನ್ನು ಜೇಬಿನಲ್ಲೇ ಉಳಿಯಿತು.

ಆ ರಾತ್ರಿ ಅವಳೇ ಅರ್ಜಿ ಬರೆದು, ಕೆಳಗೆ ತನ್ನ ಹೆಸರನ್ನೂ ಒಂಬತ್ತನೇ ತರಗತಿ ಎಂಬುದನ್ನೂ ಬರೆದಳು. ಅಂಚೆಗೆ ತಾನೇ ಹಾಕಿದಳು. ಉತ್ತರ ಬರುವ ಮೊದಲೇ, ಎಂಟನೆಯ ದಿನ, ಟಿಪ್ಪರುಗಳು ಬಂದವು. ಪಂಪ್‌ಹೌಸಿನ ಕಡೆಯಿಂದ ಕೆಮ್ಮಣ್ಣು ಸುರಿಯುತ್ತ ಸುರಿಯುತ್ತ ಮಧ್ಯಾಹ್ನದೊಳಗೆ ಅರ್ಧ ಕೆರೆ ಮುಗಿಸಿದ್ದವು. ಆಚೆ ದಡದ ಹತ್ತಿರ, ತಾವರೆ ಎಲೆಗಳ ಮೇಲೆ, ಗಂಡು ದೇವನಕ್ಕಿ ನಾಲ್ಕು ಮೊಟ್ಟೆಗಳ ಮೇಲೆ ಕೂತಿತ್ತು. ಪ್ರತಿ ಲೋಡು ಬಿದ್ದಾಗಲೂ ನೀರು ಅಲ್ಲಿಯವರೆಗೆ ಅಲುಗುತ್ತಿತ್ತು. ಹಕ್ಕಿ ಏಳುತ್ತಿತ್ತು, ಮೊಟ್ಟೆಯೊಂದನ್ನು ಕುತ್ತಿಗೆಗೆ ಒತ್ತಿ ಹಿಂದಿನ ಎಲೆಗೆ ಎಳೆಯುತ್ತಿತ್ತು, ಮತ್ತೆ ಕೂರುತ್ತಿತ್ತು. ಅದರ ಹಿಂದೆ ಇನ್ನು ಮೂರು ಎಲೆಗಳಷ್ಟೇ ಉಳಿದಿದ್ದವು.

ಅಪ್ಪ ಯಾವಾಗ ಬಂದು ಪಕ್ಕದಲ್ಲಿ ನಿಂತರೋ ಅವಳಿಗೆ ತಿಳಿಯಲಿಲ್ಲ. ಏಳು ವರ್ಷದಲ್ಲಿ ಅವರು ಕೆರೆಯ ದಂಡೆಗೆ ಬಂದದ್ದು ಇದೇ ಮೊದಲು. ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನುದ್ದಕ್ಕೂ ಹುಡುಕಿದರು.

“ಎಲ್ಲಮ್ಮ ಅದು? ಗೂಡು ಎಲ್ಲೈತೆ?”

ಸಹನಾ ಬೆರಳು ಎತ್ತಲಿಲ್ಲ.

“ದಾಖಲಾಗಿಲ್ಲ, ಅಪ್ಪ,” ಅಂದಳು.