ಕೇಬಲ್ಲಿನ ಎರಡೂ ತುದಿ

ಮೂರನೇ ಮಹಡಿಯ ಸ್ವಿಚ್ಚು ಉತ್ತರ ಕೊಡಲಿಲ್ಲ. ಅವಳು ಗುಟ್ಟಿನ ಪದವನ್ನು ಅಳಿಸಿ ಮತ್ತೆ ಟೈಪ್ ಮಾಡಿದಳು. ಆದರೂ ಪರದೆಯ ಮೇಲೆ ಅದರ ಹೆಸರಿನ ಮುಂದಿನ ಚುಕ್ಕೆ ಬೂದು ಬಣ್ಣದಲ್ಲೇ ಮೊಂಡು ಹಿಡಿದು ಕೂತಿತ್ತು. ಉಳಿದವೆಲ್ಲ ಹಸಿರಾಗಿದ್ದವು: ಹೊರರೋಗಿಗಳ ವಿಭಾಗ, ಔಷಧಿ ಕೌಂಟರು, ರಕ್ತಪರೀಕ್ಷೆಯ ಲ್ಯಾಬು, ಎಕ್ಸ್‌ರೇ. ಆಸ್ಪತ್ರೆಯ ಮೂಲೆಮೂಲೆಯಲ್ಲಿ ಕೂತು ಕಂಪ್ಯೂಟರುಗಳ ತಂತಿಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆಗಳು ಅವು. ಹೊಸದಾಗಿ ತಂದ ನಿಗಾ ತಂತ್ರಾಂಶ ಅವುಗಳಲ್ಲಿ ಪ್ರತಿಯೊಂದನ್ನೂ ಆಗಾಗ ಮಾತಾಡಿಸಬೇಕು, ಹೇಗಿದ್ದೀಯ, ತಂತಿ ಚುಚ್ಚುವ ಯಾವ ಕಿಂಡಿಯಿಂದ ಎಷ್ಟು ಮಾಹಿತಿ ಬಂತು, ಎಷ್ಟು ಹೋಯಿತು ಎಂದು ವಿಚಾರಿಸಬೇಕು. ಅವುಗಳಿಗೆ ಮಾತು ಕಲಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ಏನಮ್ಮ, ಬಾಯಿ ಬಿಡ್ತಿಲ್ವಾ ಅದು?" ಹಿಂದಿನಿಂದ ದನಿ ಬಂತು. ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರದು. ಯಾರ ಮೇಲೂ ದನಿ ಏರಿಸದ ಈ ಮನುಷ್ಯನನ್ನು ವಿಭಾಗದವರು ಬೆನ್ನ ಹಿಂದೆ ಬೆಣ್ಣೆ ಸಾಹೇಬರು ಎನ್ನುತ್ತಿದ್ದರು.

"ಹಳೇದು ಸಾರ್. ನಾವು ಹೊಸ ರೀತಿಯಲ್ಲಿ ಕೇಳ್ತಿದ್ದೀವಿ, ಅದಕ್ಕೆ ಹಳೇ ರೀತಿ ಮಾತ್ರ ಅರ್ಥ ಆಗೋದು. ಬದಲಾಯಿಸ್ತೀನಿ."

"ನಿಮ್ಮ ಯಜಮಾನ್ರು ಕೂರಿಸಿದ್ದಲ್ವಾ ಅದು? ಪಾಪ, ಕೆಲಸ ಗೊತ್ತಿದ್ದ ಮನುಷ್ಯ. ಏನೋ ಒಂದು ತಪ್ಪಾಗೋಯ್ತು." ಹೀಗೆಂದು ಅವಳ ಕುರ್ಚಿಯ ಬೆನ್ನನ್ನು ಎರಡು ಸಲ ತಟ್ಟಿ ತಮ್ಮ ಕೋಣೆಗೆ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, "ಅಪಾಯದ ಮೆಸೇಜು ಮೊದಲು ನನಗೊಬ್ಬನಿಗೇ ಬರ್ಲಿ. ಮೇಲಿನವರಿಗೆ ಏನು ಹೇಳ್ಬೇಕೋ ನಾನು ನೋಡಿ ಹೇಳ್ತೀನಿ" ಎಂದರು.

"ಆಯ್ತು ಸಾರ್" ಎಂದು ಅವಳು ನಕ್ಕಳು. ಈ ಮನುಷ್ಯನ ಎದುರು ನಗುವುದನ್ನು ಅವಳು ಅಭ್ಯಾಸ ಮಾಡಿಕೊಂಡಿದ್ದಳು. ಒಳಗೆ ಮೈ ಧಗಧಗ ಉರಿಯುತ್ತಿತ್ತು.

ಆ 'ಏನೋ ಒಂದು ತಪ್ಪು' ಇಷ್ಟೇ. ಹೋದ ವರ್ಷ ಒಂದು ಬೆಳಿಗ್ಗೆ ಆಸ್ಪತ್ರೆಯ ನೆಟ್‌ವರ್ಕೆಲ್ಲ ಒಮ್ಮೆಗೇ ಮಲಗಿಬಿಟ್ಟಿತು. ಲ್ಯಾಬಿನ ವರದಿ ಮೇಲೆ ಹೋಗಲಿಲ್ಲ, ಔಷಧಿಯ ಚೀಟಿ ಕೆಳಗೆ ಬರಲಿಲ್ಲ, ರೋಗಿಗಳ ಕಡೆಯವರು ಕೌಂಟರಿನ ಗಾಜು ಒಡೆದರು. ಆಗ ಇಲ್ಲಿ ಕೆಲಸಕ್ಕಿದ್ದವನು ಅವಳ ಗಂಡ. ಮಹಡಿ ಮಹಡಿ ಹತ್ತಿಳಿದು ಹುಡುಕಿ, ಕೊನೆಗೆ ಬೆಣ್ಣೆ ಸಾಹೇಬರ ಕೋಣೆಯಲ್ಲಿ ಮಂಡಿಯೂರಿದವನಿಗೆ ಸಿಕ್ಕಿದ್ದು ಮೇಜಿನ ಕೆಳಗಿನ ಪುಟ್ಟ ಪೆಟ್ಟಿಗೆ. ಟೀವಿಗೆ, ಲ್ಯಾಪ್‌ಟಾಪಿಗೆ ಎಂದು ಸಾಹೇಬರು ತಾವೇ ತಂದಿಟ್ಟುಕೊಂಡದ್ದು. ಅದರಲ್ಲಿ ಒಂದೇ ಕೇಬಲ್ಲಿನ ಎರಡೂ ತುದಿ ಚುಚ್ಚಿದ್ದವು. ಹಾಗೆ ಚುಚ್ಚಿದರೆ ಒಳಗೆ ಹೋದ ಮಾಹಿತಿ ಹೊರಬರುವ ದಾರಿ ಕಾಣದೆ ಸುತ್ತುತ್ತಲೇ ಇರುತ್ತದೆ, ಸುತ್ತಿ ಸುತ್ತಿ ಬೆಳೆದು ಇಡೀ ಕಟ್ಟಡವನ್ನೇ ಉಸಿರು ಕಟ್ಟಿಸುತ್ತದೆ. ಅವನು ಒಂದು ತುದಿ ಕಿತ್ತ ಕೂಡಲೇ ಆಸ್ಪತ್ರೆ ಎದ್ದು ಕೂತಿತು.

ಸಂಜೆಯೊಳಗೆ ಸಾಹೇಬರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ವರದಿ ಬರೆದುಕೊಟ್ಟರು. ಕೇಬಲ್ಲು ಸಿಕ್ಕಿದ್ದು ಹೆರಿಗೆ ವಾರ್ಡಿನ ಸ್ವಿಚ್ಚಿಟ್ಟ ಬೀರುವಿನಲ್ಲಿ, ಬೆಳಿಗ್ಗೆ ಅಲ್ಲಿ ಕೆಲಸ ಮಾಡಿದವನು ಇವನು ಎಂದು. ನಿಮ್ಮ ಕೋಣೆಯಲ್ಲಿ ಸಿಕ್ಕಿತಲ್ಲ ಸಾರ್ ಎಂದವನಿಗೆ ಸಾಕ್ಷಿ ಎಲ್ಲಿ ಎಂದರು. ಯಾವ ಪೆಟ್ಟಿಗೆ ಯಾವಾಗ ಕೆಟ್ಟಿತು ಎಂದು ಹೇಳುವ ಯಂತ್ರ ಆಗ ಇರಲಿಲ್ಲ. ಅವನ ಕೆಲಸ ಹೋಯಿತು. ಮುಂದೆ ಎಲ್ಲಿ ಅರ್ಜಿ ಹಾಕಿದರೂ ಆಸ್ಪತ್ರೆ ಮಲಗಿಸಿದವನು ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತಿತ್ತು. ಈಗ ಬಣ್ಣದಂಗಡಿಯಲ್ಲಿ ಡಬ್ಬ ಕಲಕುತ್ತಾನೆ. ಮನೆಯ ಟೀವಿ ಕೆಟ್ಟರೂ ಮುಟ್ಟುವುದಿಲ್ಲ.

ಅದೇ ಕೆಲಸ ಅವನ ಹೆಂಡತಿಗೆ ಸಿಕ್ಕಿದ್ದು ಸಾಹೇಬರ ದೊಡ್ಡತನದಿಂದ. ಹಾಗಂತ ಅವರೇ ಎಲ್ಲರೆದುರು ಹೇಳಿದ್ದರು: ಒಂದು ಸಂಸಾರ ಬೀದಿಗೆ ಬೀಳಬಾರದು ನೋಡಿ. ಅವಳು ಅದೇ ಓದು ಓದಿದವಳು, ಕೆಲಸ ಬಲ್ಲವಳು. ಆದರೂ ಅದು ಭಿಕ್ಷೆಯಾಯಿತು. "ಹೋಗಿ ಹೋಗಿ ಆ ಹುತ್ತಕ್ಕೇ ಕೈ ಹಾಕ್ತೀಯಲ್ಲೇ" ಎಂದು ಅತ್ತೆ ಬೇಡವೆಂದಿದ್ದರು. "ಹಾವು ಎಲ್ಲಿದೆ ಅಂತ ಗೊತ್ತಲ್ಲ ಅತ್ತೆ" ಎಂದು ಇವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟಿದ್ದಳು.

ನಿಗಾ ತಂತ್ರಾಂಶ ಬಂದಾಗ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎಲ್ಲ ಕಿಂಡಿಗಳಿಗೂ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಬಿಟ್ಟವಳು ಒಂದಕ್ಕೆ ಮಾತ್ರ 'ಮುಖ್ಯಸ್ಥರ ಕೋಣೆ, ಮೇಜಿನ ಕೆಳಗೆ' ಎಂದು ಬಿಡಿಸಿ ಬರೆದಳು. ಅಪಾಯದ ಮೆಸೇಜು ಹೋಗುವ ಕಡೆ ಸಾಹೇಬರ ನಂಬರಿನ ಕೆಳಗೆ ಆಡಳಿತಾಧಿಕಾರಿಯ ನಂಬರನ್ನೂ ಸೇರಿಸಿದಳು. ಆ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹಾಳಾದ ಮನುಷ್ಯ ಒಮ್ಮೆ ಮಾಡಿದ ತಪ್ಪನ್ನು ಇನ್ನೊಮ್ಮೆ ಮಾಡಬಾರದೇ. ಪರದೆಯ ಮೇಲೆ ಆ ಕಿಂಡಿಯ ಗೆರೆ ದಿನವೂ ಸಾಧುಪ್ರಾಣಿಯ ಹಾಗೆ ನೆಟ್ಟಗೆ ಮಲಗಿರುತ್ತಿತ್ತು, ಕ್ರಿಕೆಟ್ ನಡೆಯುವಾಗ ಮಾತ್ರ ಸ್ವಲ್ಪ ಏಳುತ್ತಿತ್ತು. ಕಾದು ಕಾದು ಅವಳಿಗೆ ರೇಗಿಹೋಯಿತು. ಅವನು ಮಾಡದಿದ್ದರೆ ಏನಂತೆ, ಮಾಡಿಸೋಣ ಎಂದುಕೊಂಡಳು.

ರೋಗಿಗಳಿಗೆ ತೊಂದರೆಯಾಗುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕೇ ಆ ಕಿಂಡಿಗೊಂದು ತಡೆ ಹಾಕಿದಳು: ಮಿತಿ ಮೀರಿ ನುಗ್ಗಿದರೆ ಕಿಂಡಿ ತಾನಾಗಿ ಮುಚ್ಚಿಕೊಳ್ಳಬೇಕು, ಸಾಹೇಬರ ಕೋಣೆಯೊಂದು ಬಿಟ್ಟು ಬೇರೆಲ್ಲೂ ಏನೂ ಆಗಬಾರದು. ಪಕ್ಕದ ಬೀರುವಿನಲ್ಲಿ ಎರಡು ಹಳೆಯ ಪೆಟ್ಟಿಗೆ ಇಟ್ಟುಕೊಂಡು ಪರೀಕ್ಷೆಯನ್ನೂ ಮಾಡಿದಳು. ಕೆಂಪು ಬೆಳಕು ಅಲ್ಲೇ ಬಂದು ಅಲ್ಲೇ ನಿಂತಿತು. ಅಂದು ಮನೆಗೆ ಹೋಗುವಾಗ ಅವಳು ದಾರಿಯುದ್ದಕ್ಕೂ ಗುನುಗಿಕೊಂಡು ಹೋದಳು.

ಹೊಸ ಪರದೆಯನ್ನು ಆಡಳಿತಾಧಿಕಾರಿಗೆ ತೋರಿಸುವ ದಿನ ಬಂತು. ಬೆಳಿಗ್ಗೆ ಸಾಹೇಬರು ಹೊಸ ಕೋಟು ಹಾಕಿಕೊಂಡು ಸ್ವಾಗತಕ್ಕೆಂದು ಕೆಳಗಿಳಿದಿದ್ದರು. ಅವರ ಕೋಣೆಯನ್ನು ನೆಲ ಒರೆಸುವ ಹೆಂಗಸು ಒರೆಸುತ್ತಿದ್ದಳು. ಅವಳನ್ನು ಇಡೀ ಆಸ್ಪತ್ರೆ ಫಿನಾಯಿಲಕ್ಕ ಎನ್ನುತ್ತಿತ್ತು. ಅವಳು ಬರುವ ಮುಂಚೆ ವಾಸನೆ ಬರುತ್ತಿತ್ತು. ವೈರಿಗೆ ನೀರು ತಾಗೀತೆಂದು ಹೆದರಿ ಗೋಡೆಯ ಕರೆಂಟಿನ ಗುಂಡಿ ಆರಿಸಿಯೇ ಅವಳು ಮೇಜಿನ ಕೆಳಗೆ ಬಗ್ಗುತ್ತಿದ್ದಳು. ಬಂದ ಮೇಲೆ ಸಾಹೇಬರೇ ಅದನ್ನು ಒತ್ತಿಕೊಳ್ಳುತ್ತಿದ್ದರು. ಫಿನಾಯಿಲಕ್ಕ ನೀರು ಬದಲಾಯಿಸಲು ಬಕೆಟ್ಟು ಎತ್ತಿಕೊಂಡು ಹೋದಳು. ಇವಳು ಒಳಗೆ ಹೋಗಿ, ಬಗ್ಗಿ, ಒಂದು ಕೇಬಲ್ಲಿನ ಎರಡೂ ತುದಿಯನ್ನು ಆ ಪುಟ್ಟ ಪೆಟ್ಟಿಗೆಗೆ ಚುಚ್ಚಿ ಬಂದಳು.

ಆಡಳಿತಾಧಿಕಾರಿ ಮಾತು ಕಡಿಮೆಯ ಹೆಂಗಸು. ಸಾಹೇಬರು ಅವರನ್ನು ಮೊದಲು ತಮ್ಮ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟು, ಗೋಡೆಯ ಗುಂಡಿ ಒತ್ತಿ, ಬನ್ನಿ ಮೇಡಂ ಎಂದು ಪರದೆಯಿದ್ದ ಕಡೆ ಕರೆತಂದರು. ಅಷ್ಟರಲ್ಲಿ ಪರದೆ ಕೂಗಿಕೊಂಡಿತು. ಹಸಿರಿನ ನಡುವೆ ಒಂದೇ ಒಂದು ಕೆಂಪು. ಮೇಡಂ ಕೈಯಲ್ಲಿದ್ದ ಫೋನೂ ಗುಂಯ್‌ಗುಟ್ಟಿತು. ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "ಮುಖ್ಯಸ್ಥರ ಕೋಣೆ, ಮೇಜಿನ ಕೆಳಗೆ. ಏನ್ರೀ ಇದು?"

ಬೆಣ್ಣೆ ಸಾಹೇಬರ ಕಿವಿ ಕೆಂಪಾಗುವುದನ್ನು ಅವಳು ಮೊದಲ ಸಲ ನೋಡಿದಳು. ನೋಡಲು ಬಹಳ ಚೆನ್ನಾಗಿತ್ತು.

ಎಲ್ಲರೂ ಕೋಣೆಗೆ ಹೋದರು. ಸಾಹೇಬರು ಹೊಸ ಕೋಟಿನಲ್ಲೇ ಮಂಡಿಯೂರಿ ಕೇಬಲ್ಲು ಕಿತ್ತು ತಂದರು. ಏಳುವಷ್ಟರಲ್ಲಿ ದನಿ ಮತ್ತೆ ನಯವಾಗಿತ್ತು. "ನೋಡಿ ಮೇಡಂ, ಒಂದೇ ಕೇಬಲ್ಲಿನ ಎರಡೂ ತುದಿ. ಇಷ್ಟು ಸಾಕು ಇಡೀ ಆಸ್ಪತ್ರೆ ಮಲಗೋದಕ್ಕೆ. ನಮ್ಮ ಹೊಸ ವ್ಯವಸ್ಥೆ ಇತ್ತು, ಉಳ್ಕೊಂಡ್ವಿ. ಎಲ್ಲಿ, ಆ ನೆಲ ಒರೆಸೋಳನ್ನ ಕರೀರಿ."

ಫಿನಾಯಿಲಕ್ಕ ಬಕೆಟ್ಟಿನ ಸಮೇತ ಬಂದು ನಿಂತಳು.

"ಒರೆಸೋವಾಗ ವೈರೆಲ್ಲ ಎತ್ತಿಡೋದು ನೀನೇ ತಾನೆ? ಇದನ್ನ ಯಾಕೆ ಚುಚ್ಚಿದೆ?"

ಅವಳು ಕೇಬಲ್ಲನ್ನು ನೋಡಿದಳು. "ಕೆಳಗೆ ಬಿದ್ದಿರ್ತಾವೆ ಸಾರ್, ಎತ್ತಿ ಮೇಲಿಡ್ತೀನಿ. ಚುಚ್ಚಿದ ನೆನಪಿಲ್ಲ." ಸ್ವಲ್ಪ ಯೋಚಿಸಿ, "ಚುಚ್ಚಿದ್ರೂ ಚುಚ್ಚಿರ್ಬೋದು. ನಂಗೇನು ತಿಳಿಯುತ್ತೆ ಇದೆಲ್ಲ" ಎಂದಳು.

"ಕೇಳಿದ್ರಾ ಮೇಡಂ," ಸಾಹೇಬರಿಗೆ ಹುರುಪು ಬಂತು. "ಹೋದ ಸಲಾನೂ ಇವಳದೇ ಕೆಲಸ ಇರ್ಬೇಕು. ಆಗಲೂ ಹೀಗೇ, ಈ ಮೇಜಿನ ಕೆಳಗೇ ಕೇಬಲ್ಲು..."

ಮಾತು ಅಲ್ಲಿಗೆ ನಿಂತಿತು. ಬಾಯಿ ಮಾತ್ರ ಇನ್ನೂ ತೆರೆದಿತ್ತು.

"ಹೋದ ಸಲ ಹೆರಿಗೆ ವಾರ್ಡು ಅಂತ ಬರ್ಕೊಟ್ಟಿದ್ರಿ" ಎಂದರು ಮೇಡಂ.

"ಅದು... ಆಮೇಲೆ ವಿಚಾರ ಮಾಡ್ದಾಗ ಮೇಡಂ..."

ಬೇರೆಯವರ ತಲೆಗೆ ಕಟ್ಟುವ ಚಟವೇ ಆ ಮನುಷ್ಯನನ್ನು ಹಿಡಿದುಕೊಟ್ಟಿತ್ತು. ಇಷ್ಟು ಸಿಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಒಂದು ಕೆಂಪು ಚುಕ್ಕೆ, ನಾಲ್ಕು ಜನರೆದುರು ಒಂದಿಷ್ಟು ಅವಮಾನ ಎಂದಷ್ಟೇ ಅವಳ ಆಸೆ. ಈಗ ನೋಡಿದರೆ ಗಂಡನ ಮೇಲಿನ ಸುಳ್ಳು ಸುಳ್ಳುಗಾರನ ಬಾಯಿಂದಲೇ ಉದುರಿ ನೆಲದ ಮೇಲೆ ಬಿದ್ದಿತ್ತು.

ಮೇಡಂ ಅವಳ ಕಡೆ ತಿರುಗಿದರು. "ನಿಮ್ಮ ಯಜಮಾನರಿಗೆ ನಾಳೆ ಬಂದು ನನ್ನ ನೋಡೋಕೆ ಹೇಳಿ." ಆಮೇಲೆ ಬಾಗಿಲ ಕಡೆ ನೋಡಿ, "ಈ ಹೆಂಗಸನ್ನ ಕಂಟ್ರಾಕ್ಟರ್ ಹತ್ರ ವಾಪಸ್ ಕಳಿಸಿ. ಇಂಥ ಕಡೆ ಇಂಥವರನ್ನ ಬಿಡಬಾರದು" ಎಂದರು.

ಫಿನಾಯಿಲಕ್ಕ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೈಯ ರಬ್ಬರ್ ಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡು, "ಬಕೆಟ್ಟು ಎಲ್ಲಿಡ್ಲಿ ಸಾರ್?" ಎಂದು ಕೇಳಿದಳು.

ಕೆಲಸ ಹೋದ ದಿನ ಇವಳ ಗಂಡನೂ ಇದೇ ಕೋಣೆಯಲ್ಲಿ ನಿಂತು ಬೀರುಗಳ ಕೀಲಿಕೈ ಯಾರಿಗೆ ಕೊಡಲಿ ಎಂದಷ್ಟೇ ಕೇಳಿದನಂತೆ. ಅದನ್ನು ನೋಡಿದವರು ಅವಳಿಗೆ ಹೇಳಿದ್ದರು. ಸುತ್ತ ನಿಂತವರಲ್ಲಿ ಒಬ್ಬರಾದರೂ ಬಾಯಿ ಬಿಡಲಿಲ್ಲವೇ ಎಂದು ಅವರನ್ನೆಲ್ಲ ಅವಳು ಬೇಕಾದಷ್ಟು ಸಲ ಶಪಿಸಿದ್ದಳು.

ಸುಮ್ಮನಿದ್ದರೆ ಸಾಕಾಗಿತ್ತು. ಗಂಡನಿಗೆ ಹೆಸರು ವಾಪಸು, ಬಹುಶಃ ಕೆಲಸವೂ. ಸಾಹೇಬರ ಕತೆ ಮುಗಿದಂತೆಯೇ. ಒಂದು ಬಕೆಟ್ಟಿನ ಪ್ರಶ್ನೆ, ಅಷ್ಟೆ. ಆಮೇಲೆ ಫಿನಾಯಿಲಕ್ಕನಿಗೆ ಗುಟ್ಟಾಗಿ ಬೇರೆ ಕಡೆ ಕೆಲಸ ಕೊಡಿಸಿದರಾಯಿತು ಎಂದೂ ಅವಳ ಮನಸ್ಸು ಲೆಕ್ಕ ಹಾಕಿತು. ಆಗ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು. ಬೀದಿಗೆ ಬೀಳಬಾರದು ನೋಡಿ ಎಂದ ಸಾಹೇಬರದೂ ಇದೇ ಲೆಕ್ಕ.

"ಅಕ್ಕ ಅಲ್ಲ ಮೇಡಂ," ಎಂದಳು. "ಚುಚ್ಚಿದ್ದು ನಾನು."

ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಬೆಳಿಗ್ಗೆ ಅವರು ನೀರಿಗೆ ಹೋದಾಗ. ಬೇಕಂತಲೇ. ಬೇರೆ ಕಡೆ ತೊಂದರೆ ಆಗದ ಹಾಗೆ ತಡೆ ಹಾಕಿದ್ದೆ. ಹೋದ ಸಲ ಇಲ್ಲಿಂದಲೇ ಆಗಿದ್ದು ಅಂತ ತೋರಿಸ್ಬೇಕಿತ್ತು, ನಮ್ಮನೆಯವರ ಮಾತು ಯಾರೂ ನಂಬ್ಲಿಲ್ಲ."

ಸಾಹೇಬರು ಹೋದ ಜೀವ ಬಂದವರಂತೆ ಮುಂದೆ ಬಂದರು. "ನೋಡಿ, ನೋಡಿ ಮೇಡಂ. ಗಂಡ ಹೆಂಡತಿ ಸೇರ್ಕೊಂಡು ನನ್ನ ಮೇಲೆ..."

"ನೀವು ಸ್ವಲ್ಪ ಸುಮ್ನಿರಿ" ಎಂದರು ಮೇಡಂ. ಅವಳ ಮುಂದೆ ಕೈ ಚಾಚಿದರು. "ಆಸ್ಪತ್ರೇಲಿ ಸೇಡು ತೀರಿಸ್ಕೊಳ್ಳೋರನ್ನ ಇಟ್ಕೊಳ್ಳೋಕಾಗಲ್ಲ. ಕಾರ್ಡು ಕೊಟ್ಟು ಹೋಗಿ." ಆಮೇಲೆ ಸಾಹೇಬರಿಗೆ, "ನೀವು ನನ್ನ ಜೊತೆ ಬನ್ನಿ. ಹೋದ ಸಲದ್ದು ಮೊದಲಿಂದ ಹೇಳಿ" ಎಂದು ಹೊರಟರು. ಬೆಣ್ಣೆ ಸಾಹೇಬರು ಕೈಯಲ್ಲಿ ಕೇಬಲ್ಲು ಹಿಡಿದುಕೊಂಡೇ ಅವರ ಹಿಂದೆ ಹೋದರು.

ಫಿನಾಯಿಲಕ್ಕ ಗವಸನ್ನು ಮತ್ತೆ ಹಾಕಿಕೊಂಡಳು. "ನನ್ನ ತಲೆ ಮೇಲೆ ತರಬೇಕೂಂತ ಮಾಡಿದ್ದಾ ತಾಯಿ?" ಎಂದು ಕೇಳಿದಳು.

"ಇಲ್ಲಕ್ಕ. ನಿಮ್ಮ ಯೋಚನೇನೇ ಬಂದಿರ್ಲಿಲ್ಲ."

"ಹಂಗಾ" ಎಂದು ಫಿನಾಯಿಲಕ್ಕ ಒರೆಸುವುದು ಉಳಿದಿದ್ದ ಮೂಲೆಗೆ ಹೋದಳು. ಮತ್ತೆ ತಿರುಗಿ ನೋಡಲಿಲ್ಲ.

ಸಂಜೆ ಗಂಡ ಬಂದಾಗ ಅವನ ಉಗುರಿನಲ್ಲಿ ನೀಲಿ ಬಣ್ಣವಿತ್ತು. ಇಷ್ಟು ಬೇಗ ಹೇಗೆ ಮನೆಯಲ್ಲಿದ್ದೀಯ ಎಂದು ಕೇಳಿದ. ಅವಳು ಒಲೆಯ ಮುಂದೆ ನಿಂತುಕೊಂಡೇ ಹೇಳಿದಳು. ಅತ್ತೆ ಒಳಕೋಣೆಯಿಂದ ಎದ್ದು ಬಂದು ಬಾಗಿಲು ಹಿಡಿದುಕೊಂಡು ನಿಂತರು. ಕೇಬಲ್ಲು ಚುಚ್ಚಿದ್ದು, ಪರದೆ ಕೂಗಿದ್ದು, ಫಿನಾಯಿಲಕ್ಕ ಬಂದದ್ದು, ಸಾಹೇಬರ ಬಾಯಿ ಜಾರಿದ್ದು, ತಾನು ಒಪ್ಪಿಕೊಂಡದ್ದು. ನಾಳೆ ಅವನು ಬರಲಿ ಎಂದ ಮೇಡಂ ಮಾತು ಇನ್ನೂ ಇದೆಯೋ ಇಲ್ಲವೋ ತನಗೆ ಗೊತ್ತಿಲ್ಲ ಎಂದೂ ಹೇಳಿದಳು.

"ಕೆಲಸ?" ಎಂದ ಗಂಡ.

"ಹೋಯ್ತು."

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಉಗುರಿನ ನೀಲಿಯನ್ನು ಕೆರೆಯತೊಡಗಿದ. ಬೈಯಲಿ ಎಂದು ಅವಳು ಕಾದಳು.

"ಈ ಮೇಜಿನ ಕೆಳಗೇ ಅಂದ್ನಲ್ಲ," ಎಂದ ಕೊನೆಗೆ, "ಆಗ ಅವನ ಮುಖ ಹೆಂಗಿತ್ತು?"

ಅವಳು ಹೇಳಿದಳು. ಬಾಯಿ ತೆರೆದೇ ಇತ್ತು ಎಂದಳು, ಮಂಡಿಯ ಹತ್ತಿರ ಪ್ಯಾಂಟಿಗೆ ಧೂಳು ಮೆತ್ತಿತ್ತು ಎಂದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಇನ್ನೊಂದ್ಸಲ ಹೇಳು" ಎಂದ.

ಅವಳು ಒಲೆ ಆರಿಸಿ, ಅವನ ಪಕ್ಕದಲ್ಲಿ ಕೂತು, ಮೊದಲಿನಿಂದ ಶುರು ಮಾಡಿದಳು.