ಎಜ್ರಾ ಅಂಕಲ್ ಮಳೆ ಕೇಳಿದ್ದು

ಆ ಏಪ್ರಿಲ್ ಮಂಗಳವಾರ ದುಬೈಯಲ್ಲಿ ಮಳೆಯೆಂದರೆ ಮಳೆ. ಮಧ್ಯಾಹ್ನದ ಹೊತ್ತಿಗೆ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ರಸ್ತೆಗಳಲ್ಲಿ ಕಾರುಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದವರು ಇಬ್ಬರೇ: ಎಜ್ರಾ ಪೆಣ್ಕರ್ ಮತ್ತು ಅವರನ್ನು ನೋಡಿಕೊಳ್ಳುವ ಹೋಮ್ ನರ್ಸ್, ಶಿರ್ವದ ಡೆಲ್ಫಿನ್. ಎಜ್ರಾ ಮುಂಬಯಿ ಕಡೆಯ ಯಹೂದಿ. ಮಂಗಳೂರು ಬಂದರಿನಲ್ಲಿ ದುಡಿದು, ಅಲ್ಲಿಯ ಕನ್ನಡ ಕಲಿತು, ವಯಸ್ಸಾದ ಮೇಲೆ ಮಗಳು ನವೋಮಿಯ ಮನೆಗೆ ಬಂದವರು. ನವೋಮಿ ಬೆಳಿಗ್ಗೆ ಜೆಬೆಲ್ ಅಲಿಯ ಆಫೀಸಿಗೆ ಹೋಗಿದ್ದಳು. 'ಮನೆಗೆ ಹೊರಟೆ' ಎಂದು ಫೋನ್ ಮಾಡಿದ್ದೇ ಕೊನೆ, ಆಮೇಲೆ ಸ್ವಿಚ್ ಆಫ್.

ಮಧ್ಯಾಹ್ನದ ಪ್ರಾರ್ಥನೆಗೆ ಪುಸ್ತಕ ಹಿಡಿದು ನಿಂತ ಎಜ್ರಾ ಬಾಯಿ ತೆರೆಯಲೇ ಇಲ್ಲ.

"ಕಾಲು ನೋಯ್ತದಾ ಅಂಕಲ್? ಕೂತ್ಕೊಳ್ಳಿ."

"ಕಾಲಲ್ಲ ಡೆಲ್ಫಿನ್. ಇದರಲ್ಲಿ 'ಮಳೆ ಕೊಡು' ಅಂತ ಕೇಳ್ಲಿಕ್ಕುಂಟು. ಚಳಿಗಾಲದಿಂದ ದಿನಾ ಕೇಳ್ತಿದ್ದೇನೆ. ನಮ್ಮ ಪಾಸ್ಕ ಹಬ್ಬ ಬಂದ ಮೇಲೆ ಇಬ್ಬನಿ ಮಾತ್ರ ಕೇಳುದು. ಹಬ್ಬಕ್ಕೆ ಇನ್ನೂ ಒಂದು ವಾರ. ಮಗಳು ನೀರಲ್ಲಿ ಸಿಕ್ಕಿರುವಾಗ ಯಾವ ಬಾಯಲ್ಲಿ ಕೇಳ್ಲಿ?"

"ನಮ್ಮಲ್ಲಿ ಮಳೆ ಜೂನಿಗಲ್ವಾ?"

"ಹೌದು ಮಾರಾಯ್ತಿ. ಮಂಗಳೂರಲ್ಲಿ ಧೋ ಅಂತ ಸುರಿಯುವಾಗ ನಾನು ಇಬ್ಬನಿ ಕೇಳ್ತಿದ್ದೆ, ಬಾವಿ ಬತ್ತಿದಾಗ ಮಳೆ! ಈ ಲೆಕ್ಕ ಇಸ್ರೇಲ್, ಬಾಬಿಲೋನ್ ಕಡೆಯ ಹೊಲಗಳದ್ದು. ಅಲ್ಲಿ ಚಳಿಗಾಲಕ್ಕೇ ಮಳೆ. ಇಲ್ಲಿಯೂ ಹಾಗೇ ಅಂತ ಖುಷಿಪಟ್ಟಿದ್ದೆ. ಈಗ ನೋಡು."

ಡೆಲ್ಫಿನ್ ಹತ್ತಿರ ಬಂದು ಪುಸ್ತಕದೊಳಗೆ ಇಣುಕಿದಳು. "ಒಮ್ಮೆ ಅರ್ಥ ಹೇಳಿ, ನಾನೂ ಕೇಳ್ತೇನೆ," ಎಂದಳು.

ಎಜ್ರಾ ಹೀಬ್ರೂ ಸಾಲುಗಳ ಮೇಲೆ ಬೆರಳಿಟ್ಟರು. "ಆಶೀರ್ವಾದವಾಗುವಂತೆ ಇಬ್ಬನಿ ಕೊಡು, ಮಳೆ ಕೊಡು." ಬೆರಳು ಮುಂದೆ ಸರಿದು ನಿಂತಿತು. "ಈ ವರ್ಷವನ್ನು ಎಲ್ಲ ಕೇಡಿನಿಂದ ಕಾಪಾಡು."

ಬಾಯಿಪಾಠವಾಗಿ ಎಷ್ಟೋ ವರ್ಷ ಹೇಳಿದ ಸಾಲು. ಇಂದು ಅದನ್ನು ಮಗಳ ಹೆಸರಿನಲ್ಲಿ ಮತ್ತೊಮ್ಮೆ ಓದಿದರು. ಜೆರುಸಲೇಮಿನ ದಿಕ್ಕಿಗೆ ತಿರುಗಿ, ಒಂದು ಮಾತೂ ಬಿಡದೆ ಪ್ರಾರ್ಥನೆ ಮುಗಿಸಿದರು. ಮಳೆಯನ್ನೂ ಕೇಳಿದರು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ನವೋಮಿ, ಹಿಂದೆ ಲುಂಗಿ ಎತ್ತಿ ಕಟ್ಟಿದ ಗಡ್ಡದ ಗಂಡಸು.

"ಪಪ್ಪಾ, ಇವರು ಅಲಿಯಬ್ಬ, ಬಂಟ್ವಾಳದವರು. ಕಾರೊಳಗೆ ನೀರು ನುಗ್ಗಿದಾಗ ರಸ್ತೆಯಲ್ಲಿ ಸಿಕ್ಕಿಬಿದ್ದ ನಮ್ಮನ್ನೆಲ್ಲ ಇವರ ಲಾರಿಗೆ ಹತ್ತಿಸಿಕೊಂಡ್ರು. ರಾತ್ರಿಯಿಡೀ ಫ್ಲೈಓವರ್ ಮೇಲೆಯೇ ಇದ್ದೆವು."

ಎಜ್ರಾ ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿದರು.

"ಅಳಬೇಡಿ ಕಾಕಾ," ಎಂದ ಅಲಿಯಬ್ಬ. "ಖಲಾಸ್. ಮಳೆ ಬಿಟ್ಟಿತಲ್ಲ."

ಡೆಲ್ಫಿನ್ ನೀರುದೋಸೆ ಹುಯ್ದಳು. ಬೇಡವೆಂದರೂ ಎಜ್ರಾ ಅಲಿಯಬ್ಬನನ್ನು ಕೈಹಿಡಿದು ಕೂರಿಸಿದರು. ಎರಡನೇ ದೋಸೆ ಬರುವಷ್ಟರಲ್ಲಿ ನವೋಮಿ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಎಬ್ಬಿಸುವ ಮನಸ್ಸು ಯಾರಿಗೂ ಬರಲಿಲ್ಲ.